ಬೆನ್ನುಹುರಿಯ ನರ, ರಕ್ತನಾಳ ಕಲಿಯುವುದು ಹೇಗೆ? ಒಂದು ಹಾಳೆ, ನಾಲ್ಕು ಪೆನ್ಸಿಲ್, ಒಬ್ಬ ಗೆಳೆಯನ ಬೆನ್ನು

ಮೊದಲ ವರ್ಷದ ಅನಾಟಮಿ (ದೇಹರಚನೆ) ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನನಗೆ ಬಂದ ಮೊದಲ ಪ್ರಶ್ನೆ ಸುಲಭದ್ದೇ. "ಟ್ರಪೀಜಿಯಸ್ ಸ್ನಾಯುವಿಗೆ ಯಾವ ನರ?" ಟ್ರಪೀಜಿಯಸ್ ಇರುವುದು ಬೆನ್ನಲ್ಲಿ. ಹಾಗಾದ್ರೆ ಬೆನ್ನಿನ ನರವೇ ಇರಬೇಕು ಅಂತ ಲೆಕ್ಕ ಹಾಕಿ, "ಬೆನ್ನುಹುರಿ ನರಗಳ ಹಿಂದಿನ ಕವಲು ಸಾರ್" ಅಂದೆ. ಪರೀಕ್ಷಕರು ಎದ್ದು ಬಂದರು. ನನ್ನ ಎರಡೂ ಭುಜ ಕೆಳಕ್ಕೆ ಒತ್ತಿ ಹಿಡಿದು, "ಈಗ ಎತ್ತಪ್ಪ" ಅಂದರು. ಎತ್ತಿದೆ. "ಎತ್ತಿಸಿದ್ದು ಯಾರು?" ನಾನು ಸುಮ್ನೆ ನಿಂತೆ.

ಎತ್ತಿಸಿದ್ದು ಹನ್ನೊಂದನೇ ಕಪಾಲ ನರ (ತಲೆಬುರುಡೆಯಿಂದ ಹೊರಗೆ ಬರುವ ನರ), ಅಂದರೆ ಆಕ್ಸೆಸರಿ ನರ. ಬೆನ್ನಿನ ಮೇಲಿರುವ ಸ್ನಾಯುವೆಲ್ಲ ಬೆನ್ನಿನದ್ದಲ್ಲ ಅಂತ ಅವತ್ತು ತಲೆಗೆ ಹೋಯಿತು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದವನಿಗೆ ದಪ್ಪ ಪುಸ್ತಕದ ಪಟ್ಟಿಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ರೂಮ್‌ಮೇಟ್‌ನ ಬೆನ್ನ ಮೇಲೆ ಗೆರೆ ಎಳೆದು ಕಲಿತದ್ದು ಮಾತ್ರ ಇವತ್ತಿಗೂ ನಿಂತಿದೆ. ಈಗ ಫಿಸಿಯೋಥೆರಪಿ, ನರ್ಸಿಂಗ್ ಹುಡುಗರಿಗೆ ನಾನು ಹೇಳಿಕೊಡುವುದೂ ಅದೇ ದಾರಿಯನ್ನು.

ಈ ದಾರಿಯ ಗುಟ್ಟು ಇಷ್ಟೇ. ಬೆನ್ನು ಅಂದರೆ ಒಂದೇ ನಮೂನೆಯ ತುಂಡನ್ನು ಮೇಲಿಂದ ಕೆಳಗೆ ಜೋಡಿಸುತ್ತಾ ಹೋದದ್ದು. ಒಂದು ತುಂಡನ್ನು ಚೆನ್ನಾಗಿ ಕಲಿತರೆ ಮುಕ್ಕಾಲು ಪಾಲು ಮುಗಿಯಿತು. ಉಳಿದ ಕಾಲು ಪಾಲು, ಆ ನಮೂನೆ ತಪ್ಪುವ ಜಾಗಗಳು. ಪರೀಕ್ಷಕರೂ ರೋಗವೂ ಹುಡುಕಿಕೊಂಡು ಬರುವುದು ಅಲ್ಲಿಗೇ.

ಏನೇನು ಬೇಕು

ಎ4 ಹಾಳೆ ಒಂದು. ಕಪ್ಪು, ಹಳದಿ, ಕೆಂಪು, ನೀಲಿ ಪೆನ್ಸಿಲ್. ಒಂದು ಕಾಡಿಗೆ ಪೆನ್ಸಿಲ್. ಅರ್ಧ ಗಂಟೆ ಬನಿಯನ್ ಬಿಚ್ಚಿ ಕೂರಲು ಒಪ್ಪುವ ಒಬ್ಬ ಗೆಳೆಯ, ಅಥವಾ ಗೆಳತಿಗೆ ಗೆಳತಿ. ಬಾಲ್ ಪೆನ್ನಿನಲ್ಲಿ ಬೆನ್ನ ಮೇಲೆ ಬರೆಯಬೇಡಿ. ಎರಡು ದಿನ ಹೋಗುವುದಿಲ್ಲ, ಬೈಗುಳ ತಿನ್ನುತ್ತೀರಿ.

ಹೆಜ್ಜೆ 1: ಮೊದಲು ಮೈಲಿಗಲ್ಲು ಹುಡುಕಿ

ಗೆಳೆಯನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆ ಬಗ್ಗಿಸಲು ಹೇಳಿ. ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಗುಬುಟಾಗಿ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಅದೇ ಸಿ7, ಕುತ್ತಿಗೆಯ ಏಳನೇ ಮಣಿ (ಬೆನ್ನುಮೂಳೆಯ ಒಂದೊಂದು ಮೂಳೆಯೂ ಒಂದು ಮಣಿ). ಕೆಲವರಲ್ಲಿ ಎರಡು ಗುಬುಟು ಕಾಣುತ್ತವೆ, ಯಾವುದು ಅಂತ ಅನುಮಾನ ಬರುತ್ತದೆ. ಆಗ ಎರಡು ಬೆರಳು ಎರಡು ಗುಬುಟಿನ ಮೇಲಿಟ್ಟು ತಲೆ ಹಿಂದಕ್ಕೆ ವಾಲಿಸಲು ಹೇಳಿ. ಮೇಲಿನದು ಬೆರಳಿನಡಿಯಿಂದ ಒಳಕ್ಕೆ ಜಾರಿ ಮಾಯವಾದರೆ ಅದು ಸಿ6, ನಿಂತಲ್ಲೇ ನಿಂತದ್ದು ಸಿ7. ನನ್ನ ರೂಮ್‌ಮೇಟ್‌ನ ಕುತ್ತಿಗೆ ಗಿಡ್ಡ, ಇದು ಸಿಗಲು ಮೂರು ಸಲ ಬೇಕಾಯಿತು.

ಇನ್ನು ಕೈ ಇಳಿಬಿಟ್ಟು ಕೂರಲಿ. ಹೆಗಲ ಮೂಳೆಯ ಮೇಲೆ ಅಡ್ಡಕ್ಕೆ ಒಂದು ಏಣು ಇದೆಯಲ್ಲ, ಅದು ಬೆನ್ನ ನಡುವಿನ ಕಡೆಗೆ ಮುಗಿಯುವ ಜಾಗ ಟಿ3ರ, ಅಂದರೆ ಎದೆಯ ಮೂರನೇ ಮಣಿಯ ಮಟ್ಟ. ಹೆಗಲ ಮೂಳೆಯ ಕೆಳತುದಿ ಟಿ7. ಸೊಂಟದ ಎರಡೂ ಕಡೆ ಕೈ ಇಟ್ಟು ನಿಲ್ಲುತ್ತೀವಲ್ಲ, ಆ ಮೂಳೆಯ ಮೇಲಂಚುಗಳನ್ನು ಸೇರಿಸಿ ಗೆರೆ ಎಳೆದರೆ ಎಲ್4, ಸೊಂಟದ ನಾಲ್ಕನೇ ಮಣಿ. ಮೈ ದಪ್ಪ ಇದ್ದವರಲ್ಲಿ ಕೈ ಮೂಳೆಯ ಮೇಲೆ ಕೂರದೆ ಮಾಂಸದ ಮೇಲೆ ನಿಲ್ಲುತ್ತದೆ, ಗೆರೆ ಒಂದು ಮಣಿ ಮೇಲಕ್ಕೆ ಹೋಗಿಬಿಡುತ್ತದೆ. ಗಟ್ಟಿಯಾಗಿ ಒತ್ತಿ ಹುಡುಕಿ. ಕೊನೆಗೆ ಸೊಂಟದ ಕೆಳಗೆ ಎರಡು ಗುಳಿ ಇರುತ್ತವೆ. ಅವನ್ನು ಸೇರಿಸಿದರೆ ಎಸ್2. ಎಸ್ ಅಂದರೆ ಸೇಕ್ರಂ, ಸೊಂಟದ ಕೆಳಗೆ ಮಣಿಗಳು ಒಂದಾಗಿ ಕೂಡಿಕೊಂಡ ಮೂಳೆ.

ಐದೂ ಗುರುತನ್ನು ಕಾಡಿಗೆ ಪೆನ್ಸಿಲ್‌ನಲ್ಲಿ ಹಾಕಿ. ಮುಂದಿನದೆಲ್ಲ ಇವುಗಳ ಮೇಲೆಯೇ ನಿಲ್ಲುತ್ತದೆ.

ಹೆಜ್ಜೆ 2: ಹುರಿ ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆಯಿರಿ

ಬೆನ್ನುಮೂಳೆ ಸೊಂಟದ ಕೆಳಗಿನ ತನಕ ಇದೆ. ಆದರೆ ಬೆನ್ನುಹುರಿ ಅಷ್ಟು ಉದ್ದ ಇಲ್ಲ. ದೊಡ್ಡವರಲ್ಲಿ ಸುಮಾರು 42ರಿಂದ 45 ಸೆಂಟಿಮೀಟರ್. ಎಲ್1, ಎಲ್2 ಮಣಿಗಳ ನಡುವೆ ಅದು ಮೊನಚಾಗಿ ಮುಗಿದೇಹೋಗುತ್ತದೆ.

ಯಾಕೆ ಹೀಗೆ? ಹೊಟ್ಟೆಯೊಳಗಿನ ಮೂರು ತಿಂಗಳ ಭ್ರೂಣದಲ್ಲಿ ಹುರಿ ಮೂಳೆಯಷ್ಟೇ ಉದ್ದ ಇರುತ್ತದೆ. ಆಮೇಲೆ ಮೂಳೆ ಬೇಗ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ಹುಟ್ಟುವಾಗ ಅದರ ತುದಿ ಎಲ್3ರ ಹತ್ತಿರ ಇರುತ್ತದೆ, ದೊಡ್ಡವರಾಗುವಾಗ ಎಲ್1ಕ್ಕೆ ಬಂದು ನಿಲ್ಲುತ್ತದೆ. ಆದರೆ ನರಗಳು ತಮ್ಮ ತಮ್ಮ ಕಿಂಡಿಯಲ್ಲೇ ಹೊರಗೆ ಹೋಗಬೇಕಲ್ಲ. ಹಾಗಾಗಿ ಕೆಳಗಿನ ನರಗಳು ಉದ್ದಕ್ಕೆ ಇಳಿಬಿದ್ದು, ತಮ್ಮ ಬಾಗಿಲು ಹುಡುಕಿಕೊಂಡು ಹೋಗುತ್ತವೆ. ನೋಡಿದರೆ ಬಾಚಿ ಬಿಟ್ಟ ಕುದುರೆ ಬಾಲದ ಹಾಗಿರುತ್ತದೆ. ಹೆಸರೂ ಅದೇ, ಕಾಡಾ ಈಕ್ವೈನಾ. ಲ್ಯಾಟಿನ್‌ನಲ್ಲಿ ಕುದುರೆ ಬಾಲ.

ಹಾಳೆಯ ಎಡಭಾಗದಲ್ಲಿ ಇದನ್ನು ಬಿಡಿಸಿ. ಕಪ್ಪಿನಲ್ಲಿ ಮಣಿಗಳ ಸಾಲು, ಅದರೊಳಗೆ ಎಲ್1ರಲ್ಲಿ ಮುಗಿಯುವ ಹುರಿ, ಅಲ್ಲಿಂದ ಕೆಳಗೆ ಹಳದಿ ಎಳೆಗಳು. ಸುತ್ತ ಒಂದು ಚೀಲ ಎಳೆಯಿರಿ. ಅದು ಡ್ಯೂರಾ. ಅದು ಎಸ್2ರ ತನಕ ಹೋಗುತ್ತದೆ, ಗೆಳೆಯನ ಸೊಂಟದ ಗುಳಿಗಳ ಮಟ್ಟಕ್ಕೆ.

ಈಗ ಎಲ್2ರಿಂದ ಎಸ್2ರ ನಡುವೆ ನೋಡಿ. ಚೀಲ ಇದೆ, ಮಿದುಳು ಮತ್ತು ಹುರಿಯ ಸುತ್ತ ಇರುವ ನೀರಿದೆ, ಹುರಿ ಇಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡುವುದು, ಮಿದುಳುಜ್ವರದ ಅನುಮಾನ ಬಂದಾಗ ಬೆನ್ನಿನಿಂದ ನೀರು ತೆಗೆಯುವುದು ಇಲ್ಲೇ, ಎಲ್3-ಎಲ್4 ಅಥವಾ ಎಲ್4-ಎಲ್5 ಸಂದಿನಲ್ಲಿ. ಹೀಗೆ ನೀರು ತೆಗೆಯುವ ಕ್ರಮವನ್ನು ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ತೋರಿಸಿದರು. 1898ರಲ್ಲಿ ಆಗಸ್ಟ್ ಬಿಯರ್ ಅದೇ ದಾರಿಯಲ್ಲಿ ಅರಿವಳಿಕೆ ಕೊಟ್ಟರು. ಸೂಜಿ ಹೋದಾಗ ಕುದುರೆ ಬಾಲದ ಎಳೆಗಳು ನೀರಿನಲ್ಲಿ ಪಕ್ಕಕ್ಕೆ ಸರಿಯುತ್ತವೆ. "ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿದ್ರು, ಆವತ್ತಿಂದ ಸೊಂಟ ನೋವು" ಅಂತ ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಬ್ಬರು ಹೇಳುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಕಾಡುವ ನೋವಿಗೆ ಆ ಸೂಜಿಯೇ ಕಾರಣ ಅನ್ನುವುದು ಸಾಬೀತಾಗಿಲ್ಲ. ಮಗು ಎತ್ತುವುದು, ಬಗ್ಗಿ ಹಾಲು ಕುಡಿಸುವುದು, ಬಸಿರಿನಲ್ಲಿ ಸಡಿಲಾದ ಹೊಟ್ಟೆಯ ಸ್ನಾಯು, ಇವುಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ಇದೇ ಚಿತ್ರದಿಂದ ಇನ್ನೊಂದು ಲೆಕ್ಕ ಸಿಗುತ್ತದೆ. ಮಣಿಯ ನಂಬರೂ ಹುರಿಯ ನಂಬರೂ ಒಂದೇ ಅಲ್ಲ. ಬೆನ್ನ ಮೇಲೆ ಕೈಗೆ ಸಿಗುವ ಮಣಿ ಕುತ್ತಿಗೆಯದಾದರೆ ಅದರ ನಂಬರಿಗೆ 1 ಕೂಡಿಸಿ, ಅಲ್ಲಿರುವ ಹುರಿಯ ತುಂಡಿನ ನಂಬರು ಸಿಗುತ್ತದೆ. ಎದೆಯ ಮೇಲಿನ ಆರು ಮಣಿಗೆ 2. ಟಿ7ರಿಂದ ಟಿ9ಕ್ಕೆ 3. ಟಿ10ರಿಂದ ಟಿ12ರ ಆಸುಪಾಸಿನಲ್ಲಿ ಹುರಿಯ ಸೊಂಟದ ಐದು ತುಂಡೂ ಒತ್ತೊತ್ತಾಗಿ ಮುಗಿದುಹೋಗುತ್ತವೆ. ಎಲ್1 ಮಣಿಯ ಮಟ್ಟದಲ್ಲಿ ಹುರಿಯ ಎಸ್ ತುಂಡುಗಳು. ಟಿ12 ಮಣಿ ಮುರಿದವನ ಕಾಲಿನ ಬಲ ಹೋದರೆ ಆಶ್ಚರ್ಯ ಯಾಕೆ ಪಡಬಾರದು ಅಂತ ಇಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಒಂದು ತುಂಡು, ನಿಧಾನವಾಗಿ

ಇಲ್ಲಿ ಜಾಸ್ತಿ ಹೊತ್ತು ಕೂರಿ. ಹಾಳೆಯ ಬಲಭಾಗದಲ್ಲಿ ಹುರಿಯನ್ನು ಅಡ್ಡಕ್ಕೆ ಕೊಯ್ದ ಚಿತ್ರ. ಬಾಳೆದಿಂಡನ್ನು ಬಿಲ್ಲೆ ಹೆಚ್ಚಿದ ಹಾಗೆ. ಒಳಗೆ ಚಿಟ್ಟೆಯ ಆಕಾರ, ಅದು ಬೂದು ಭಾಗ. ಸುತ್ತ ಬಿಳಿ ಭಾಗ.

ಚಿಟ್ಟೆಯ ಹಿಂದಿನ ರೆಕ್ಕೆಯ ಕಡೆ ಒಂದು ಹಳದಿ ಗೆರೆ ಬರಲಿ, ಇದು ಹಿಂಬೇರು. ಸುದ್ದಿ ಒಳಗೆ ತರುವುದು ಇದರ ಕೆಲಸ. ಮುಂದಿನ ರೆಕ್ಕೆಯಿಂದ ಇನ್ನೊಂದು ಗೆರೆ ಹೊರಡಲಿ, ಇದು ಮುಂಬೇರು. ಇದು ಸ್ನಾಯುವಿಗೆ ಆಜ್ಞೆ ಒಯ್ಯುತ್ತದೆ. ಈ ಎರಡರ ಕೆಲಸ ಬೇರೆ ಬೇರೆ ಅಂತ ಮೊದಲು ಬ್ರಿಟನ್ನಿನ ಚಾರ್ಲ್ಸ್ ಬೆಲ್ 1811ರಲ್ಲಿ ಸುಳಿವು ಕೊಟ್ಟರು, ಫ್ರಾನ್ಸಿನ ಫ್ರಾನ್ಸ್ವಾ ಮಾಜಾಂಡಿ 1822ರಲ್ಲಿ ಖಚಿತ ಮಾಡಿದರು. ಯಾರು ಮೊದಲು ಅಂತ ದೊಡ್ಡ ಜಗಳವೇ ಆಯಿತು. ಈಗ ಇಬ್ಬರ ಹೆಸರೂ ಸೇರಿಸಿ ಹೇಳುತ್ತಾರೆ.

ಹಿಂಬೇರಿನ ದಾರಿಯಲ್ಲಿ ಒಂದು ಗಂಟು ಹಾಕಿ. ಅದು ನರಗಂಟು. ಸುದ್ದಿ ತರುವ ಕೋಶಗಳ ಮನೆ. ಗಂಟು ದಾಟಿದ ಮೇಲೆ ಎರಡೂ ಬೇರು ಸೇರಿ ಒಂದು ನರವಾಗುತ್ತದೆ, ಮಣಿಗಳ ನಡುವಿನ ಕಿಂಡಿಯಲ್ಲಿ ಹೊರಗೆ ಬರುತ್ತದೆ. ಈ ನರ ಬಹಳ ಗಿಡ್ಡ, ಒಂದು ಸೆಂಟಿಮೀಟರ್ ಆಸುಪಾಸು. ಬಂದ ಕೂಡಲೇ ಎರಡು ಕವಲು. ದಪ್ಪನೆಯ ಮುಂದಿನ ಕವಲು ಕೈ, ಕಾಲು, ಎದೆ, ಹೊಟ್ಟೆಗೆ. ತೆಳ್ಳನೆಯ ಹಿಂದಿನ ಕವಲು ಬೆನ್ನಿಗೆ.

ಇಂಥ ಜೋಡಿ ಒಟ್ಟು 31. ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ಸೇಕ್ರಂನಲ್ಲಿ 5, ಬಾಲಮೂಳೆಯಲ್ಲಿ 1. ಕುತ್ತಿಗೆಯಲ್ಲಿ ಮಣಿ ಏಳೇ, ನರ ಎಂಟು. ಅಲ್ಲಿ ನರಗಳು ತಮ್ಮ ಮಣಿಯ ಮೇಲಿನಿಂದ ಹೊರಡುತ್ತವೆ. ಸಿ7 ಮತ್ತು ಟಿ1 ನಡುವಿನ ಕಿಂಡಿ ಉಳಿಯುತ್ತದೆ, ಅದು ಸಿ8ರ ಪಾಲು. ಟಿ1ರಿಂದ ಕೆಳಕ್ಕೆ ಎಲ್ಲ ನರವೂ ತನ್ನ ಮಣಿಯ ಕೆಳಗೆ.

ಗಂಟು ಕವಲಿಗಿಂತ ಮುಂಚೆ ಇದೆ. ಈ ಸಣ್ಣ ವಿಷಯ ಮರೆಯಬಾರದು ಅಂದರೆ ಸರ್ಪಸುತ್ತು ನೆನೆಸಿಕೊಳ್ಳಿ. ಚಿಕ್ಕಂದಿನಲ್ಲಿ ಸಿಡುಬಿನಂಥ ಗುಳ್ಳೆ ಎದ್ದು ಅಮ್ಮ ಬಂದಿದೆ ಅಂತ ಬೇವಿನಸೊಪ್ಪು ಹಾಸಿ ಮಲಗಿಸಿದ್ದರಲ್ಲ, ಆ ಚಿಕನ್‌ಪಾಕ್ಸ್ ವೈರಸ್ ಹೋಗಿರುವುದಿಲ್ಲ. ಈ ನರಗಂಟುಗಳಲ್ಲಿ ಮಲಗಿರುತ್ತದೆ. ವಯಸ್ಸಾದಾಗ, ಮೈ ಸೋತಾಗ ಒಂದು ಗಂಟಿನಲ್ಲಿ ಎಚ್ಚರವಾಗುತ್ತದೆ. ಆ ಗಂಟಿನ ನರ ಹೋಗುವ ಪಟ್ಟೆಯಲ್ಲಿ ಮಾತ್ರ ಉರಿ, ಗುಳ್ಳೆ. ಗಂಟು ಕವಲಿಗಿಂತ ಮುಂಚೆ ಇರುವುದರಿಂದ ಗುಳ್ಳೆ ಬೆನ್ನಿನ ನಡುವಿನಿಂದ ಶುರುವಾಗಿ ಎದೆಯ ಮುಂಭಾಗದ ತನಕ ಸುತ್ತುತ್ತದೆ. ಎರಡೂ ಕವಲಿನ ಜಾಗಕ್ಕೆ. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅಂತ ಹಳ್ಳಿಯಲ್ಲಿ ಹೆದರುತ್ತಾರೆ. ಅದು ಸಾಮಾನ್ಯವಾಗಿ ಕೂಡುವುದಿಲ್ಲ. ಎಡಕ್ಕೆ ಒಂದು ಗಂಟು, ಬಲಕ್ಕೆ ಇನ್ನೊಂದು. ಎದ್ದದ್ದು ಒಂದೇ, ಹಾಗಾಗಿ ನಡುಗೆರೆಯಲ್ಲಿ ನಿಂತುಬಿಡುತ್ತದೆ. ನಮ್ಮಜ್ಜಿಗೆ ಬಂದಾಗ ಊರಿನವರು ಕೆಮ್ಮಣ್ಣು ಬಳಿದು ಹಾವನ್ನು "ಕಟ್ಟಿದ್ದರು". ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರುಮಾಡಿದ್ದರೆ ಉರಿ ಬೇಗ ಇಳಿಯುತ್ತಿತ್ತೇನೋ.

ಎದೆ, ಹೊಟ್ಟೆಯ ಪಟ್ಟೆಗಳಲ್ಲಿ ಮೂರು ನೆನಪಿದ್ದರೆ ಸಾಕು. ಮೊಲೆತೊಟ್ಟಿನ ಮಟ್ಟ ಟಿ4, ಹೊಕ್ಕುಳ ಟಿ10, ತೊಡೆಸಂದು ಎಲ್1.

ಹೆಜ್ಜೆ 4: ಹಿಂದಿನ ಕವಲು ಹಿಡಿದು ಬೆನ್ನಿಗೆ ಬನ್ನಿ

ಇಲ್ಲಿ ಬೆನ್ನಿನ ಸ್ನಾಯುಗಳನ್ನು ಎರಡು ಗುಂಪು ಮಾಡಿ. ಮನೆಯವರು ಮತ್ತು ಬಾಡಿಗೆಯವರು.

ಮನೆಯವರು ಆಳದಲ್ಲಿ, ಬೆನ್ನುಮೂಳೆಗೆ ಅಂಟಿಕೊಂಡು ಇರುತ್ತಾರೆ. ಎರೆಕ್ಟರ್ ಸ್ಪೈನೆ, ಮಲ್ಟಿಫಿಡಸ್, ಸೆಮಿಸ್ಪೈನಾಲಿಸ್. ಗೆಳೆಯ ಬಗ್ಗಿ ಎದ್ದಾಗ ಬೆನ್ನುಮೂಳೆಯ ಎರಡೂ ಕಡೆ ಹಗ್ಗದ ಹಾಗೆ ಉಬ್ಬುತ್ತವಲ್ಲ, ಅವು. ಇವೆಲ್ಲಕ್ಕೂ ಹಿಂದಿನ ಕವಲೇ.

ಬಾಡಿಗೆಯವರು ಮೇಲ್ಪದರದಲ್ಲಿ ಇದ್ದಾರೆ. ಜಾಗ ಬೆನ್ನಿನದು, ಕೆಲಸ ತೋಳಿನದು. ಸಂಬಳವೂ ಬೇರೆ ಕಡೆಯಿಂದ. ಟ್ರಪೀಜಿಯಸ್‌ಗೆ ಆಕ್ಸೆಸರಿ ನರ. ಲ್ಯಾಟಿಸ್ಸಿಮಸ್ ಡಾರ್ಸೈಗೆ ಥೊರಕೊಡಾರ್ಸಲ್ ನರ, ಸಿ6ರಿಂದ ಸಿ8. ರಾಂಬಾಯ್ಡ್‌ಗಳಿಗೆ ಡಾರ್ಸಲ್ ಸ್ಕ್ಯಾಪ್ಯುಲರ್ ನರ, ಮುಖ್ಯವಾಗಿ ಸಿ5. ಆಕ್ಸೆಸರಿಯ ದಾರಿ ತಮಾಷೆಯದು. ಅದು ಹುಟ್ಟುವುದು ಕುತ್ತಿಗೆಯ ಹುರಿಯಲ್ಲೇ. ಅಲ್ಲಿಂದ ಮೇಲೆ ಹತ್ತಿ ತಲೆಬುರುಡೆಯೊಳಗೆ ಹೋಗಿ, ಬೇರೆ ಬಾಗಿಲಿನಿಂದ ಮತ್ತೆ ಕೆಳಗೆ ಇಳಿಯುತ್ತದೆ. ಪಕ್ಕದ ಬೀದಿಗೆ ಹೋಗಲು ಮೆಜೆಸ್ಟಿಕ್‌ಗೆ ಹೋಗಿ ಬಸ್ ಬದಲಿಸಿದ ಹಾಗೆ.

ಹಿಂದಿನ ಕವಲು ಮತ್ತೆ ಎರಡಾಗುತ್ತದೆ, ಒಳಗಿನದು ಮತ್ತು ಹೊರಗಿನದು. ಮೇಲ್ಬೆನ್ನಿನಲ್ಲಿ, ಸುಮಾರು ಟಿ6ರ ತನಕ, ಚರ್ಮಕ್ಕೆ ಹೋಗುವುದು ಒಳಗಿನದು. ಅದರ ಕೆಳಗೆ ಹೊರಗಿನದು. ಬಿಟ್ಟುಹೋದವೂ ಇವೆ. ಸಿ1ರ ಹಿಂದಿನ ಕವಲು ತಲೆಯ ಬುಡದ ಪುಟ್ಟ ಸ್ನಾಯುಗಳಿಗೆ ಮಾತ್ರ, ಸಾಮಾನ್ಯವಾಗಿ ಚರ್ಮಕ್ಕೆ ಏನೂ ಇಲ್ಲ. ಸಿ2ರದು ದೊಡ್ಡದು, ತಲೆಯ ಹಿಂಭಾಗವನ್ನೆಲ್ಲ ಹತ್ತಿ ನೆತ್ತಿಯ ತನಕ ಹೋಗುತ್ತದೆ. ದಾರಿಯಲ್ಲಿ ಅದು ದಪ್ಪ ಸ್ನಾಯುಗಳನ್ನು ತೂರಿಕೊಂಡು ಬರಬೇಕು, ಅಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದಲೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು. ಎಲ್1ರಿಂದ ಎಲ್3 ಸೊಂಟದ ಮೂಳೆಯ ಮೇಲೆ ಹಾದು ಪೃಷ್ಠದ ಮೇಲ್ಭಾಗದ ಚರ್ಮಕ್ಕೆ ಇಳಿಯುತ್ತವೆ. ಎಲ್4, ಎಲ್5 ಸಾಮಾನ್ಯವಾಗಿ ಬೆನ್ನಿನ ಚರ್ಮಕ್ಕೆ ಏನೂ ಕೊಡುವುದಿಲ್ಲ.

ಬೆನ್ನು ನೋವು ನೋಡುವವರು ಇನ್ನೆರಡು ಎಳೆ ತಿಳಿದಿರಲೇಬೇಕು. ಒಂದು, ಮಣಿಗಳ ಹಿಂದಿನ ಸಣ್ಣ ಕೀಲು, ಫೆಸೆಟ್ ಅನ್ನುತ್ತಾರೆ. ಪ್ರತಿ ಕೀಲಿಗೂ ಎರಡು ಮಟ್ಟದ ಒಳಕವಲುಗಳಿಂದ ನರ ಬರುತ್ತದೆ. ಎಲ್4-ಎಲ್5 ಕೀಲಿಗೆ ಎಲ್3 ಮತ್ತು ಎಲ್4. ನೋವಿನ ಕ್ಲಿನಿಕ್‌ನಲ್ಲಿ ಒಂದು ಕೀಲು ಮರಗಟ್ಟಿಸಲು ಎರಡು ಕಡೆ ಸೂಜಿ ಹಾಕುವುದು ಇದಕ್ಕೇ. ಎರಡನೆಯದು, ಹೊರಗೆ ಬಂದ ನರದಿಂದ ಒಂದು ತೆಳು ಎಳೆ ತಿರುಗಿ ಕಿಂಡಿಯೊಳಗೇ ವಾಪಸ್ ಹೋಗುತ್ತದೆ. ಸೈನುವರ್ಟಿಬ್ರಲ್ ನರ ಅಂತ ಹೆಸರು. ಡಿಸ್ಕಿನ (ಮಣಿಗಳ ನಡುವಿನ ಮೆತ್ತೆಯ) ಹಿಂದಿನ ಹೊರಪದರಕ್ಕೆ, ಅಲ್ಲಿನ ಕಟ್ಟುನಾರಿಗೆ, ಡ್ಯೂರಾದ ಮುಂಭಾಗಕ್ಕೆ ಇದೇ ದಿಕ್ಕು. ಡಿಸ್ಕ್ ಬಿರಿದಾಗ ಕಾಲಿಗೆ ಏನೂ ಇಳಿಯದೆ ನಡು ಮಾತ್ರ ಹಿಡಿದುಕೊಳ್ಳುವುದು ಇದರ ದೂರು.

ಹೆಜ್ಜೆ 5: ಕೆಂಪು ಪೆನ್ಸಿಲ್

ರಕ್ತದ ಮೊದಲ ಅರ್ಧ ಸುಲಭ. ನರದ ಹಾಗೇ ತುಂಡು ತುಂಡಾಗಿ ಬರುತ್ತದೆ. ಎದೆಯಲ್ಲಿ ಪಕ್ಕೆಲುಬಿನ ನಡುವಿನ ಅಪಧಮನಿ, ಸೊಂಟದಲ್ಲಿ ಲಂಬರ್ ಅಪಧಮನಿ. ಇವುಗಳಲ್ಲಿ ಬಹುಪಾಲು ನೇರ ಮಹಾಪಧಮನಿಯಿಂದ ಹೊರಡುತ್ತವೆ. ಕುತ್ತಿಗೆಯಲ್ಲಿ ವರ್ಟಿಬ್ರಲ್ ಮತ್ತು ಅದರ ಅಕ್ಕಪಕ್ಕದವು. ಸೇಕ್ರಂನಲ್ಲಿ ಲ್ಯಾಟರಲ್ ಸೇಕ್ರಲ್. ಪ್ರತಿಯೊಂದೂ ಹಿಂದಕ್ಕೆ ಒಂದು ಟಿಸಿಲು ಬಿಡುತ್ತದೆ. ಅದು ನರದ ಹಿಂದಿನ ಕವಲಿನ ಜೊತೆಯಲ್ಲೇ ಹೋಗಿ ಬೆನ್ನಿನ ಸ್ನಾಯುವಿಗೆ, ಚರ್ಮಕ್ಕೆ ರಕ್ತ ಕೊಡುತ್ತದೆ. ಹೋಗುವ ದಾರಿಯಲ್ಲಿ ಕಿಂಡಿಯೊಳಗೆ ಒಂದು ಸಣ್ಣ ನಾಳ ಬಿಡುತ್ತದೆ. ಅಡ್ಡಕೊಯ್ತದ ಚಿತ್ರದಲ್ಲಿ ಹಳದಿ ಗೆರೆಯ ಪಕ್ಕದಲ್ಲೇ ಕೆಂಪು ಎಳೆದರೆ ಮುಗಿಯಿತು.

ಎರಡನೇ ಅರ್ಧದಲ್ಲಿ ಲೆಕ್ಕ ತಪ್ಪುತ್ತದೆ. ಹುರಿಯ ಮೇಲೆ ಉದ್ದಕ್ಕೆ ಮೂರು ನಾಳ ಇಳಿಯುತ್ತವೆ. ಮುಂದೆ ಒಂದು, ಹಿಂದೆ ಎರಡು. ಮುಂದಿನದು ಎರಡು ವರ್ಟಿಬ್ರಲ್ ಅಪಧಮನಿಗಳ ಕವಲು ಸೇರಿ ಆದದ್ದು. ಹುರಿಯ ಮುಂದಿನ ಮೂರನೇ ಎರಡು ಪಾಲು ಇದರದ್ದೇ. ಹಿಂದಿನ ಎರಡೂ ಸೇರಿ ಉಳಿದ ಮೂರನೇ ಒಂದು.

ತಲೆಯ ಕಡೆಯಿಂದ ಹೊರಟ ರಕ್ತ ಸೊಂಟದ ತನಕ ಸಾಲುವುದಿಲ್ಲ. ದಾರಿಯಲ್ಲಿ ಪಕ್ಕದಿಂದ ರಕ್ತ ಸೇರಬೇಕು. ಪ್ರತಿ ಕಿಂಡಿಯಲ್ಲೂ ನಾಳ ಒಳಗೆ ಬರುತ್ತದೆ ಅಂದೆನಲ್ಲ, ಅದರಲ್ಲಿ ಹೆಚ್ಚಿನವು ನರದ ಬೇರಿಗೆ ರಕ್ತ ಕೊಟ್ಟು ಅಲ್ಲೇ ಖಾಲಿಯಾಗುತ್ತವೆ. ಮುಂದಿನ ನಾಳದ ತನಕ ಮುಟ್ಟುವುದು ಕೆಲವೇ, ಸಾಮಾನ್ಯವಾಗಿ ಆರೆಂಟು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಆಡಮ್‌ಕೀವಿಚ್ ಅಪಧಮನಿ. ಪೋಲೆಂಡಿನ ಆಲ್ಬರ್ಟ್ ಆಡಮ್‌ಕೀವಿಚ್ 1881-82ರಲ್ಲಿ ಹುರಿಯ ರಕ್ತನಾಳಗಳನ್ನು ವಿವರವಾಗಿ ಬರೆದಿಟ್ಟರು, ಹೆಸರು ಉಳಿಯಿತು. ಹೆಚ್ಚಿನವರಲ್ಲಿ ಅದು ಎಡಗಡೆ, ಟಿ9ರಿಂದ ಟಿ12ರ ನಡುವೆ ಬರುತ್ತದೆ. ಹುರಿ ಮುಟ್ಟಿದ ಮೇಲೆ ಹೇರ್‌ಪಿನ್ ಹಾಗೆ ತಿರುಗಿ ಕೆಳಗೆ ಇಳಿಯುತ್ತದೆ. ಚಿತ್ರದಲ್ಲಿ ಆ ತಿರುವನ್ನು ದೊಡ್ಡದಾಗಿ ಬಿಡಿಸಿ. ಆಂಜಿಯೋಗ್ರಾಮ್‌ನಲ್ಲಿ ಡಾಕ್ಟರು ಅದನ್ನು ಗುರುತು ಹಿಡಿಯುವುದು ಆ ತಿರುವಿನಿಂದಲೇ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ಜಗಳವಾಡುವ ಸುದ್ದಿ ಓದಿರುತ್ತೀರಿ. ಕಾಲುವೆಯಲ್ಲಿ ನೀರು ಕಡಿಮೆ ಬಿಟ್ಟರೆ ಮೊದಲು ಒಣಗುವುದು ಅವರ ಗದ್ದೆ. ಹುರಿಯಲ್ಲೂ ಅಂಥ ಜಾಗ ಇದೆ. ಮೇಲಿನ ಕಾಲುವೆ ಕುತ್ತಿಗೆಯಿಂದ ಇಳಿಯುತ್ತದೆ. ಕೆಳಗಿನದು ಆಡಮ್‌ಕೀವಿಚ್‌ನಿಂದ ಬರುತ್ತದೆ. ಎರಡರ ಕೊನೆ ಭಾಗವೂ ಟಿ4ರಿಂದ ಟಿ8ರ ಗದ್ದೆಯಲ್ಲೇ. ಬಿಪಿ ಬಹಳ ಹೊತ್ತು ಪಾತಾಳಕ್ಕೆ ಇಳಿದರೆ ಈ ಜಾಗಕ್ಕೆ ಪೆಟ್ಟು ಬೀಳುವ ಭಯ ಅದಕ್ಕೇ.

ಎದೆಯಲ್ಲಿ ಉಬ್ಬಿದ ಮಹಾಪಧಮನಿಗೆ ಆಪರೇಷನ್ ಮಾಡುವಾಗಲೂ ಇದೇ ಚಿಂತೆ. ಮಹಾಪಧಮನಿಯನ್ನು ಬಿಗಿಹಿಡಿದರೆ, ಅಲ್ಲಿಂದ ಹೊರಡುವ ನಾಳ ಮುಚ್ಚಿದರೆ, ಎದೆ ಸರಿಹೋದ ರೋಗಿ ಕಾಲು ಆಡದೆ ಏಳಬಹುದು. ಕೆಲವು ಕಡೆ ಆಪರೇಷನ್ ಹೊತ್ತಿನಲ್ಲಿ ಸೊಂಟದಲ್ಲಿ ಕೊಳವೆ ಹಾಕಿ ಬೆನ್ನಿನ ನೀರನ್ನು ಸ್ವಲ್ಪ ಸ್ವಲ್ಪ ತೆಗೆಯುತ್ತಾರೆ. ಹುರಿಗೆ ರಕ್ತ ನುಗ್ಗಿಸುವ ಒತ್ತಡ ಅಂದರೆ ಬಿಪಿಯಲ್ಲಿ ಸುತ್ತಲಿನ ನೀರಿನ ಒತ್ತಡ ಕಳೆದರೆ ಉಳಿಯುವುದು. ನೀರಿನ ಒತ್ತಡ ಇಳಿಸಿದರೆ ರಕ್ತಕ್ಕೆ ದಾರಿ ಸಲೀಸು.

ಈಗ ಅಡ್ಡಕೊಯ್ತಕ್ಕೆ ವಾಪಸ್ ಬನ್ನಿ. ಮುಂದಿನ ಮೂರನೇ ಎರಡು ಪಾಲಿಗೆ ತೆಳುವಾಗಿ ಕೆಂಪು ತುಂಬಿ. ಅದರೊಳಗೆ ಏನೇನು ಬಂತು? ಸ್ನಾಯುವಿಗೆ ಆಜ್ಞೆ ಒಯ್ಯುವ ದಾರಿ, ನೋವು ಮತ್ತು ಬಿಸಿ-ತಣ್ಣನೆ ಸುದ್ದಿ ತರುವ ದಾರಿ. ಹೊರಗೆ ಉಳಿದದ್ದು ಹಿಂದಿನ ಕಂಬಗಳು. ಕಂಪನ, ಕೈಕಾಲು ಯಾವ ಭಂಗಿಯಲ್ಲಿದೆ ಅನ್ನುವ ಅರಿವು ಅಲ್ಲಿ ಹೋಗುತ್ತದೆ. ಮುಂದಿನ ನಾಳ ಮುಚ್ಚಿದರೆ ರೋಗಿಯ ಎರಡೂ ಕಾಲು ಆಡುವುದಿಲ್ಲ, ಸೂಜಿ ಚುಚ್ಚಿದರೆ ನೋಯುವುದಿಲ್ಲ. ಆದರೆ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳು ಮೇಲೆ ಎತ್ತಿದರೆ "ಮೇಲೆ" ಅಂತ ಸರಿಯಾಗಿ ಹೇಳುತ್ತಾರೆ. ಮೊದಲ ಸಲ ಇದನ್ನು ವಾರ್ಡಿನಲ್ಲಿ ನೋಡಿದಾಗ ನನಗೆ ರೋಮಾಂಚನ ಆಗಿತ್ತು. ಹಾಳೆಯ ಮೇಲಿನ ಕೆಂಪು ಬಣ್ಣ ಮಂಚದ ಮೇಲೆ ಮಲಗಿದ ಹಾಗೆ.

ಹೆಜ್ಜೆ 6: ನೀಲಿ

ಇದು ಚಿಕ್ಕದು. ಹುರಿಯ ಮೇಲೆ ಉದ್ದಕ್ಕೆ ಸಾಮಾನ್ಯವಾಗಿ ಮುಂದೆ ಮೂರು, ಹಿಂದೆ ಮೂರು ಅಭಿಧಮನಿ. ಅವು ಡ್ಯೂರಾದ ಹೊರಗೆ, ಕೊಬ್ಬಿನ ನಡುವೆ ಇರುವ ದೊಡ್ಡ ಜಾಲಕ್ಕೆ ಸೇರುತ್ತವೆ. ಎಪಿಡ್ಯೂರಲ್ ಸೂಜಿಗೆ (ಡ್ಯೂರಾದ ಹೊರಗೆ ಮದ್ದು ಕೊಡುವ ಸೂಜಿ) ಕೆಲವೊಮ್ಮೆ ರಕ್ತ ಬರುವುದು ಈ ಜಾಲದಿಂದ. ಆ ಜಾಲ ತಲೆಬುರುಡೆಯಿಂದ ಕಿಬ್ಬೊಟ್ಟೆಯ ತನಕ ಒಂದೇ ಓಟ. ಕವಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕೆಮ್ಮಿದರೆ, ಮುಕ್ಕರಿದರೆ ರಕ್ತ ಉಲ್ಟಾ ಹರಿಯಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿ ಕೂರುವುದು ಹೇಗೆ ಅನ್ನುವ ಪ್ರಶ್ನೆಗೆ ಅಮೆರಿಕದ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಈ ದಾರಿಯನ್ನು ತೋರಿಸಿದರು. ವಯಸ್ಸಾದ ಗಂಡಸಿಗೆ ಹೊಸದಾಗಿ ಬೆನ್ನುನೋವು ಶುರುವಾಗಿ ರಾತ್ರಿಯೂ ಬಿಡದಿದ್ದರೆ ಬರೀ ಮುಲಾಮು ಹಚ್ಚಿ ಕಳಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 7: ನಿಮ್ಮನ್ನು ನೀವೇ ಕೇಳಿಕೊಳ್ಳಿ

ಚಿತ್ರ ಮಡಚಿಡಿ. "ಎಲ್4-ಎಲ್5 ಡಿಸ್ಕ್ ಜಾರಿದೆ" ಅಂತ ರಿಪೋರ್ಟ್ ಹಿಡಿದು ಒಬ್ಬರು ಬಂದಿದ್ದಾರೆ. ಯಾವ ನರ ಸಿಕ್ಕಿಕೊಂಡಿರುತ್ತದೆ?

ಎಲ್4 ಅಂದಿರಾ? ನಾನೂ ಅಂದಿದ್ದೆ. ಎಲ್4 ನರ ಆ ಕಿಂಡಿಯಲ್ಲೇ ಹೊರಡುತ್ತದೆ, ನಿಜ. ಆದರೆ ಅದು ಕಿಂಡಿಯ ಮೇಲ್ಭಾಗದಲ್ಲಿ, ಡಿಸ್ಕಿಗಿಂತ ಮೇಲೆಯೇ ತಪ್ಪಿಸಿಕೊಂಡು ಹೋಗಿರುತ್ತದೆ. ಡಿಸ್ಕಿನ ಹಿಂದೆ, ಕೆಳಗಿನ ಬಾಗಿಲಿಗೆ ಇಳಿಯುತ್ತಿರುವುದು ಎಲ್5. ಪೆಟ್ಟು ಸಾಮಾನ್ಯವಾಗಿ ಅದಕ್ಕೆ. ಹಿಮ್ಮಡಿಯ ಮೇಲೆ ನಡೆಸಿ ನೋಡಿ. ಕಾಲಿನ ಹೆಬ್ಬೆರಳು ಮೇಲಕ್ಕೆ ಎತ್ತಲು ಕಷ್ಟವಾದರೆ ಎಲ್5. ಎಲ್5-ಎಸ್1 ಡಿಸ್ಕ್ ಆದರೆ ಎಸ್1, ತುದಿಗಾಲಲ್ಲಿ ನಡೆಯಲು ಕಷ್ಟ, ಹಿಮ್ಮಡಿಯ ಸ್ನಾಯುರಜ್ಜು ತಟ್ಟಿದರೆ ಪಾದ ಕುಪ್ಪಳಿಸುವುದಿಲ್ಲ. ಡಿಸ್ಕ್ ನಡು ಬಿಟ್ಟು ತೀರ ಪಕ್ಕಕ್ಕೆ ಜಾರಿದರೆ ಮಾತ್ರ ಮೇಲಿನ ನರ ಸಿಗುತ್ತದೆ. ಕುತ್ತಿಗೆಯಲ್ಲಿ ಲೆಕ್ಕ ಇನ್ನೂ ಸಲೀಸು. ಸಿ5-ಸಿ6 ಡಿಸ್ಕ್ ಹಿಡಿಯುವುದು ಸಿ6 ನರವನ್ನು, ಹೆಬ್ಬೆಟ್ಟು ಜೋಮು ಹಿಡಿಯುತ್ತದೆ.

ಇನ್ನೊಬ್ಬರು ಬಂದರು. ಸೊಂಟನೋವು ವಾರದಿಂದ ಇದೆ. ಇವತ್ತು ಬೆಳಿಗ್ಗೆಯಿಂದ ಎರಡೂ ಕಾಲು ಭಾರ, ಮೂತ್ರ ಬರುತ್ತಿಲ್ಲ, ಕೂತರೆ ಕುರ್ಚಿ ತಾಗಿದ್ದೇ ಗೊತ್ತಾಗುವುದಿಲ್ಲ ಅನ್ನುತ್ತಾರೆ. ಇದರಲ್ಲಿ ಯೋಚಿಸುತ್ತಾ ಕೂರುವಂತಿಲ್ಲ. ಕುದುರೆ ಬಾಲವೇ ಒಟ್ಟಾಗಿ ಅಮುಕಿಹೋಗಿದೆ ಅನ್ನುವ ಅನುಮಾನ. ಮೂತ್ರಕೋಶಕ್ಕೆ ಎಸ್2ರಿಂದ ಎಸ್4, ಕೂರುವ ಜಾಗದ ಚರ್ಮಕ್ಕೆ ಎಸ್3ರಿಂದ ಎಸ್5. ಎಲ್ಲ ಒಂದೇ ಕಡೆ ಇಳಿಯುತ್ತವೆ. ನಾಳೆ ನೋಡೋಣ ಅನ್ನದೆ, ಮಾಲೀಶ್ ಮಾಡಿಸದೆ, ಎಂಆರ್‌ಐ ಮತ್ತು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಗೆ ಅವತ್ತೇ ಕಳಿಸಬೇಕು. ತಡವಾದಷ್ಟೂ ಮೂತ್ರದ ಹಿಡಿತ ವಾಪಸ್ ಬರುವ ಆಸೆ ಕಡಿಮೆಯಾಗುತ್ತದೆ.

ಮೂರನೆಯದು ನನ್ನ ಹಳೇ ಪ್ರಶ್ನೆ. ಭುಜ ಎತ್ತಿಸಿದ್ದು ಯಾರು? ಉತ್ತರ ಬಾಯಿಗೆ ಬರುವ ಮುಂಚೆ ಗೆಳೆಯನ ಎರಡೂ ಭುಜ ಒತ್ತಿ ಹಿಡಿದು ಎತ್ತಿಸಿ ನೋಡಿ. ತಲೆಬುರುಡೆಯ ಹಿಂಭಾಗದಿಂದ ಟಿ12ರ ತನಕ ಇಳಿಯುವ ಆ ಬಾಡಿಗೆ ಸ್ನಾಯು ಕೈಯಡಿ ಬಿಗಿಯುವುದು ಗೊತ್ತಾಗುತ್ತದೆ.

ಕಾಡಿಗೆ ಗುರುತು ಹತ್ತಿಯಲ್ಲಿ ಕೊಬ್ಬರಿಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ. ಸೋಪು ಹಾಕಿ ತಿಕ್ಕಬೇಡಿ, ಬೆನ್ನು ಕೆಂಪಗಾಗುತ್ತದೆ. ಆಮೇಲೆ ನೀವು ಬನಿಯನ್ ಬಿಚ್ಚಿ ಸ್ಟೂಲಿನ ಮೇಲೆ ಕೂತುಕೊಳ್ಳಿ. ಈಗ ಗೆಳೆಯನ ಸರದಿ, ಸಿ7ರಿಂದ ಶುರು.